ಟಿಕೆಟ್ ಚರ್ಚೆ: ಚಿಕ್ಕೋಡಿ ಸೀಮೆಯಲ್ಲಿ ಪಕ್ಷದ ಅಭ್ಯರ್ಥಿಯ ಆಯ್ಕೆ

ಚುನಾವಣೆಗೆ ಮುನ್ನ ತಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಆ ಪಕ್ಷದ ಕಾರ್ಯಕರ್ತರು, ಬೆಂಬಲಿಗರು ಮತ್ತು ಕಾಯಂ ಮತದಾರರು ತಮ್ಮತಮ್ಮಲ್ಲಿ ನಡೆಸುವ ವಾದ, ಓಲೈಕೆ, ಒತ್ತಡ ಮತ್ತು ಬಂಡಾಯಗಳನ್ನು ಒಟ್ಟಾಗಿ ಟಿಕೆಟ್ ಚರ್ಚೆ ಎನ್ನಬಹುದು. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಉಮೇದುವಾರ ಯಾರು ಎಂಬುದನ್ನು ರಾಜ್ಯ ರಾಜ್ಯಗಳಲ್ಲಿ ನಡೆಯುವ ಒಳಚುನಾವಣೆಗಳಲ್ಲಿ ಪಕ್ಷದ ಮತದಾರರೇ ಮತ ಹಾಕಿ ನಿರ್ಧರಿಸುತ್ತಾರೆ. ಭಾರತದಲ್ಲಿ ಅಂಥ ಕಾನೂನಿಲ್ಲ. ಹೆಸರು ಬೆಂಗಳೂರಿನಲ್ಲಿ ಸೋಸಿ, ದಿಲ್ಲಿಯಲ್ಲಿ ಅಂತಿಮವಾಗುತ್ತದೆ. ಹಾಗೆಂದು ಚರ್ಚೆ ಇಲ್ಲವೆಂದಲ್ಲ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಆ ಚರ್ಚೆ ಮತದಾನದಷ್ಟೇ ಬಿಸಿಯಾಗಿ ನಡೆಯುತ್ತದೆ. ತಾವು ಒಪ್ಪದ ಪಕ್ಷದ ತೀರ್ಪನ್ನು ಮತದಾರರು ಮತಪೆಟ್ಟಿಗೆಯಲ್ಲಿ ತಿದ್ದಿದ ಉದಾಹರಣೆಗಳು ಇಲ್ಲಿ ಇರುವಷ್ಟು ಸ್ಪಷ್ಟವಾಗಿ ರಾಜ್ಯದಲ್ಲಿ ಬೇರೆಡೆ ಕಡಿಮೆ.

ಪ್ರದೇಶ ಮತ್ತು ಕ್ಷೇತ್ರಗಳು

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಕಬ್ಬಿನ ನಾಡು ಇದು. ನಿಪ್ಪಾಣಿಯ ಸುತ್ತ ತಂಬಾಕು ಹೆಸರಾಯಿತು. ಪಶ್ಚಿಮ ಮತ್ತು ಉತ್ತರಕ್ಕೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳು. ಮಿರಜಿನ ಆಸ್ಪತ್ರೆ, ಇಚಲಕರಂಜಿಯ ಮಗ್ಗ, ಕೊಲ್ಹಾಪುರದ ಪೇಟೆ ಇಲ್ಲಿನವರಿಗೆ ಬೆಳಗಾವಿಯಷ್ಟೇ ಹತ್ತಿರ. ಮನೆಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಲಿಂಗಾಯತ, ಜೈನ, ಮರಾಠಾ, ಕುರುಬ, ಮುಸ್ಲಿಂ ಮತ್ತು ಪರಿಶಿಷ್ಟ ಸಮುದಾಯಗಳು ಎಣಿಕೆಯಲ್ಲಿ ಒಂದನ್ನೊಂದು ತೂಗಿಸುವಷ್ಟಿವೆ. ಆದ್ದರಿಂದ ಒಂದೇ ಜಾತಿಯ ಬಲದಿಂದ ಇಲ್ಲಿ ಗೆಲ್ಲುವುದು ಕಷ್ಟ, ಒಂದೇ ಜಾತಿಯನ್ನು ನೋಡಿ ಟಿಕೆಟ್ ಕೊಡುವುದೂ ಕಷ್ಟ.

ನಿಪ್ಪಾಣಿಯು ಚಿಕ್ಕೋಡಿಯಿಂದ, ಕಾಗವಾಡವು ಅಥಣಿಯಿಂದ ಬೇರ್ಪಟ್ಟು ತಾಲೂಕುಗಳಾದುದು 2017ರ ರಾಜ್ಯ ಬಜೆಟ್ಟಿನ ಘೋಷಣೆಯಿಂದ. ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆ ಇನ್ನೂ ಈಡೇರಿಲ್ಲ. ಆದರೆ ಕಾಂಗ್ರೆಸ್ಸೂ ಬಿಜೆಪಿಯೂ ತಮ್ಮ ಸಂಘಟನೆಯ ಮಟ್ಟಿಗೆ ಚಿಕ್ಕೋಡಿಯನ್ನು ಎಂದೋ ಜಿಲ್ಲೆ ಮಾಡಿಕೊಂಡಿವೆ, ಅದಕ್ಕೆ ಜಿಲ್ಲಾಧ್ಯಕ್ಷರೂ ಇದ್ದಾರೆ. ಟಿಕೆಟ್ ಬಯಸುವವರ ಮೊದಲ ಅರ್ಜಿ, ಮೊದಲ ಶಿಫಾರಸು ಇಲ್ಲಿಂದಲೇ ಹೊರಡುತ್ತದೆ.

2008ರ ಪುನರ್‌ವಿಂಗಡಣೆಯ ನಂತರ ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ. ಕುಡಚಿ ಮತ್ತು ರಾಯಬಾಗ ಪರಿಶಿಷ್ಟ ಜಾತಿಗೂ ಯಮಕನಮರಡಿ ಪರಿಶಿಷ್ಟ ಪಂಗಡಕ್ಕೂ ಮೀಸಲು. ಆವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಲೋಕಸಭಾ ಕ್ಷೇತ್ರ ಅದೇ ವಿಂಗಡಣೆಯಲ್ಲಿ ಸಾಮಾನ್ಯವಾಯಿತು. ಟಿಕೆಟ್ಟಿನ ನೂಕುನುಗ್ಗಲು ದೊಡ್ಡದಾದುದು ಅಲ್ಲಿಂದೀಚೆಗೆ.

ವ್ಯಕ್ತಿಯ ಹಿಂದೆ ನಡೆದ ಮತ

ಚಿಕ್ಕೋಡಿಯಿಂದ ಬಿ. ಶಂಕರಾನಂದರು 1967ರಿಂದ 1991ರವರೆಗೆ ಏಳು ಬಾರಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಆರಿಸಿ ಹೋದರು, ಕೇಂದ್ರದಲ್ಲಿ ಆರೋಗ್ಯ, ಪೆಟ್ರೋಲಿಯಂ ಮುಂತಾದ ಖಾತೆಗಳನ್ನು ನೋಡಿಕೊಂಡರು. ಅಷ್ಟು ಕಾಲ ಕಾಂಗ್ರೆಸ್ಸಿನಲ್ಲಿ ಅಭ್ಯರ್ಥಿ ಯಾರೆಂಬ ಪ್ರಶ್ನೆಯೇ ಹುಟ್ಟಲಿಲ್ಲ. 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಅವರು ಶಂಕರಾನಂದರನ್ನು ಸೋಲಿಸಿದರು ಮತ್ತು ದೇವೇಗೌಡರ ಸಂಪುಟದಲ್ಲಿ ರಾಜ್ಯ ಸಚಿವೆಯಾದರು.

ಅದರ ನಂತರದ ಅಧ್ಯಾಯ ಇನ್ನೂ ಕುತೂಹಲದ್ದು. ರಮೇಶ ಜಿಗಜಿಣಗಿ 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ, 2004ರಲ್ಲಿ ಬಿಜೆಪಿಯಿಂದ, ಹೀಗೆ ಆರು ವರ್ಷಗಳಲ್ಲಿ ಮೂರು ಪಕ್ಷಗಳ ಹೆಸರಿನಲ್ಲಿ ಇದೇ ಕ್ಷೇತ್ರದಿಂದ ಗೆದ್ದರು. ರಾಮಕೃಷ್ಣ ಹೆಗಡೆಯವರ ಹಿಂದಿದ್ದ ಜನತಾ ಪರಿವಾರದ ಮತ ನಿಧಾನವಾಗಿ ಬಿಜೆಪಿಗೆ ಹೊರಳಿದ ಕಾಲವದು. ಮತದಾರರು ಪಕ್ಷ ಬಿಟ್ಟರು ಎನ್ನುವುದಕ್ಕಿಂತ ತಾವು ಒಪ್ಪಿದ ಮನುಷ್ಯ ಎಲ್ಲಿ ಹೋದರೂ ಅಲ್ಲಿಗೆ ಹೋದರು ಎನ್ನುವುದು ಸರಿಯಾದ ವಿವರಣೆ. "ಪಕ್ಷ ಬ್ಯಾರೆ, ಮನಷ್ಯಾ ಬ್ಯಾರೆ" ಎಂಬ ಮಾತು ಈ ಸೀಮೆಯ ಹೊಟೇಲು, ಕಟ್ಟೆಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಮುಂದೆ ಅಥಣಿ, ಕಾಗವಾಡಗಳಲ್ಲಿ ನಡೆದುದಕ್ಕೆ ಆ ಮಾತೇ ಟಿಪ್ಪಣಿ.

ಅರ್ಜಿಯಿಂದ ಬಿ ಫಾರಂವರೆಗೆ

ಕಾಗದದ ಮೇಲಿನ ದಾರಿ ಸರಳ. ಆಕಾಂಕ್ಷಿ ಪಕ್ಷಕ್ಕೆ ಅರ್ಜಿ ಹಾಕಬೇಕು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಅರ್ಜಿ ಫಾರಂಗೆ 5,000 ರೂಪಾಯಿ, ಅದರ ಜೊತೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 1 ಲಕ್ಷ ರೂಪಾಯಿಯ ಡಿ.ಡಿ. ಪಡೆಯಿತು. ಹೆಸರುಗಳು ಪ್ರದೇಶ ಚುನಾವಣಾ ಸಮಿತಿ, ಪರಿಶೀಲನಾ ಸಮಿತಿಗಳನ್ನು ದಾಟಿ ಕೇಂದ್ರ ಚುನಾವಣಾ ಸಮಿತಿಗೆ ಹೋಗುತ್ತವೆ. ಬಿಜೆಪಿಯಲ್ಲಿ ರಾಜ್ಯದ ಕೋರ್ ಕಮಿಟಿಯಿಂದ ದಿಲ್ಲಿಯ ಕೇಂದ್ರ ಚುನಾವಣಾ ಸಮಿತಿಗೆ. ಎರಡೂ ಪಕ್ಷಗಳು ನಡುವೆ ಖಾಸಗಿ ಸಂಸ್ಥೆಗಳಿಂದ ಸಮೀಕ್ಷೆ ಮಾಡಿಸುತ್ತವೆ. ಯಾರನ್ನು ಕೇಳಿದರು, ಏನು ಉತ್ತರ ಬಂತು ಎಂಬುದು ಕ್ಷೇತ್ರದ ಜನಕ್ಕೆ ತಿಳಿಯುವುದಿಲ್ಲ. ಟಿಕೆಟ್ ತಪ್ಪಿದವರಿಗೆ ಮಾತ್ರ "ಸರ್ವೇದಾಗ ನಿಮ್ಮ ಹೆಸರು ಬಂದಿಲ್ಲ" ಎಂಬ ಒಂದು ಸಾಲಿನ ಉತ್ತರ ಸಿಗುತ್ತದೆ.

ಕಾನೂನಿನ ಕಣ್ಣಿಗೆ ಪಕ್ಷದ ಅಭ್ಯರ್ಥಿಯೆಂದರೆ ಬಿ ಫಾರಂ ಕೈಯಲ್ಲಿರುವವನು. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ ಸಹಿ ಮಾಡುವ ಅಧಿಕಾರ ಯಾರಿಗಿದೆ ಎಂದು ಎ ಫಾರಂ ಹೇಳುತ್ತದೆ, ಅಭ್ಯರ್ಥಿ ಯಾರು ಎಂದು ಬಿ ಫಾರಂ ಹೇಳುತ್ತದೆ. ನಾಮಪತ್ರ ಸಲ್ಲಿಕೆಯ ಕಡೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅವು ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಟಿಕೆಟ್ ಘೋಷಣೆಯಾದ ಮೇಲೂ ಬಿ ಫಾರಂ ಕೈಸೇರುವವರೆಗೆ ಬೆಂಬಲಿಗರಿಗೆ ನಿದ್ದೆ ಇರುವುದಿಲ್ಲ. ಬೆಂಗಳೂರಿನಿಂದ ಅದನ್ನು ಹಿಡಿದು ಹೊರಟ ಗಾಡಿ ಎಲ್ಲಿಗೆ ಬಂತು ಎಂದು ಗಂಟೆಗಂಟೆಗೂ ಫೋನು ಹೋಗುತ್ತಿರುತ್ತದೆ. ಫಾರಂ ಬಂದೊಡನೆ ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ತಹಶೀಲ್ದಾರ ಕಚೇರಿಯತ್ತ ಮೆರವಣಿಗೆ. ಅತ್ತ ಸಿಗದವನ ಮನೆಯ ಮುಂದೆಯೂ ಅಷ್ಟೇ ಜನ ಸೇರಿರುತ್ತಾರೆ. ಪಕ್ಷೇತರನಾಗಿ ನಿಲ್ಲಬೇಕೋ, ಬೇರೆ ಪಕ್ಷ ಸೇರಬೇಕೋ, ಸುಮ್ಮನಿರಬೇಕೋ ಎಂದು ಅಭಿಮಾನಿಗಳ ಸಭೆ ಕರೆದು ಕೇಳುವುದು ವಾಡಿಕೆ. ಪಕ್ಷ ಕೊಡದ ಮಾತಿನ ಹಕ್ಕು ಬೆಂಬಲಿಗನಿಗೆ ಸಿಗುವುದು ಆ ಸಭೆಯಲ್ಲಿ.

ಚರ್ಚೆ ನಡೆಯುವ ಜಾಗ

ಪಕ್ಷದ ಕಚೇರಿಗಿಂತ ಹೆಚ್ಚಾಗಿ ಟಿಕೆಟ್ಟಿನ ಮಾತು ನಡೆಯುವುದು ಸಹಕಾರಿ ಸಂಸ್ಥೆಗಳ ಅಂಗಳದಲ್ಲಿ. ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆ, ಚಿಕ್ಕೋಡಿಯ ಚಿದಾನಂದ ಬಸಪ್ರಭು ಕೋರೆ ಸಹಕಾರಿ ಸಕ್ಕರೆ ಕಾರ್ಖಾನೆ, ಅಥಣಿಯ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ, ಎಲ್ಲಕ್ಕೂ ಮೇಲೆ ಬೆಳಗಾವಿಯ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಇವುಗಳ ಆಡಳಿತ ಮಂಡಳಿಗೆ ನಡೆಯುವ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಇರುವುದು ಪ್ಯಾನೆಲ್. ವಿಧಾನಸಭೆಯಲ್ಲಿ ಎದುರಾಳಿಗಳಾದವರು ಬ್ಯಾಂಕಿನ ಪ್ಯಾನೆಲ್ಲಿನಲ್ಲಿ ಒಂದಾಗುತ್ತಾರೆ, ಒಂದೇ ಪಕ್ಷದವರು ಬೇರೆ ಬೇರೆ ಪ್ಯಾನೆಲ್ ಕಟ್ಟುತ್ತಾರೆ. ಕಬ್ಬಿನ ಬಿಲ್ ಹೊತ್ತಿಗೆ ಸರಿಯಾಗಿ ಬಂತೇ, ಕಟಾವಿಗೆ ತಂಡ ಕಳಿಸಿದರೇ, ಸೊಸೈಟಿಯಲ್ಲಿ ಬೆಳೆಸಾಲ ಸಿಕ್ಕಿತೇ ಎಂಬ ಲೆಕ್ಕದ ಮೇಲೆ ನಾಯಕನ ಯೋಗ್ಯತೆ ಅಳೆಯಲಾಗುತ್ತದೆ. ಟಿಕೆಟ್ ಕೇಳುವವನು ಒಂದು ಕಾರ್ಖಾನೆಯನ್ನೋ ಪತ್ತಿನ ಸಂಘವನ್ನೋ ನಡೆಸುತ್ತಿರಬೇಕು ಎಂಬ ಅಲಿಖಿತ ನಿಯಮ ಇಲ್ಲಿ ಹುಟ್ಟಿದ್ದು ಹೀಗೆ. ಇದು ರೈತನಿಗೆ ತನ್ನ ಪ್ರತಿನಿಧಿಯನ್ನು ಹತ್ತಿರದಿಂದ ತೂಗುವ ಅವಕಾಶ ಕೊಟ್ಟಿದೆ. ಕಾರ್ಖಾನೆಯಿಲ್ಲದವನಿಗೆ, ಎಷ್ಟೇ ಯೋಗ್ಯನಾದರೂ, ಬಾಗಿಲನ್ನೂ ಮುಚ್ಚಿದೆ.

ಅಥಣಿ

ಲಕ್ಷ್ಮಣ ಸವದಿ ಬಿಜೆಪಿಯಿಂದ 2004, 2008 ಮತ್ತು 2013ರಲ್ಲಿ ಅಥಣಿಯಿಂದ ಗೆದ್ದರು. 2018ರಲ್ಲಿ ಸವದಿಯವರನ್ನು ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ 2,331 ಮತಗಳಿಂದ ಸೋಲಿಸಿದರು. ಮರುವರ್ಷ ಕುಮಠಳ್ಳಿ, ಗೋಕಾಕದ ರಮೇಶ ಜಾರಕಿಹೊಳಿ ಅವರ ಬಳಗದೊಂದಿಗೆ ರಾಜೀನಾಮೆ ಕೊಟ್ಟು ಆಗಿನ ಸಮ್ಮಿಶ್ರ ಸರ್ಕಾರ ಬೀಳಲು ಕಾರಣರಾದವರಲ್ಲಿ ಒಬ್ಬರಾದರು. ಸಭಾಧ್ಯಕ್ಷ ರಮೇಶ್ ಕುಮಾರ್ ಜುಲೈ 25ರಂದು ಅವರನ್ನು ಅನರ್ಹಗೊಳಿಸಿದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸದಂತೆ ಹಾಕಿದ್ದ ತಡೆಯನ್ನು ತೆಗೆದುಹಾಕಿತು. ಮರುದಿನವೇ ಅವರು ಬಿಜೆಪಿ ಸೇರಿದರು, ಟಿಕೆಟ್ಟೂ ಅವರಿಗೇ ಆಯಿತು.

ಅಥಣಿಯ ಬಿಜೆಪಿ ಮತದಾರನ ಸ್ಥಿತಿಯನ್ನು ಊಹಿಸಬೇಕು. ಒಂದೂವರೆ ವರ್ಷದ ಹಿಂದೆ ಯಾರನ್ನು ಸೋಲಿಸಲು ಹಗಲಿರುಳು ಓಡಾಡಿದ್ದನೋ ಅವರಿಗೇ ಈಗ ಮತ ಕೇಳಬೇಕು. ಸವದಿಯವರನ್ನು ಪಕ್ಷ ಆ ಹೊತ್ತಿಗೆ ಉಪಮುಖ್ಯಮಂತ್ರಿ ಮಾಡಿತ್ತು. ಯಾವ ಸದನದ ಸದಸ್ಯರೂ ಅಲ್ಲದೆ ಅವರು 2019ರ ಆಗಸ್ಟಿನಲ್ಲಿ ಆ ಹುದ್ದೆಗೇರಿದ್ದರು. ತಮ್ಮ ಕ್ಷೇತ್ರವನ್ನು ಬಿಟ್ಟುಕೊಟ್ಟು ಪ್ರಚಾರವನ್ನೂ ಮಾಡಿದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಕುಮಠಳ್ಳಿ ಕಾಂಗ್ರೆಸ್ಸಿನ ಗಜಾನನ ಮಂಗಸೂಳಿ ಅವರ ವಿರುದ್ಧ 39,989 ಮತಗಳಿಂದ ಗೆದ್ದರು. ಸವದಿ 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು. 2021ರಲ್ಲಿ ಮುಖ್ಯಮಂತ್ರಿ ಬದಲಾದಾಗ ಸಂಪುಟದಲ್ಲಿ ಸ್ಥಾನ ಸಿಗಲಿಲ್ಲ.

2023 ಬಂತು. ಹಾಲಿ ಶಾಸಕರನ್ನು ಬಿಡುವಂತಿಲ್ಲ, ಪಕ್ಷಕ್ಕೆ ಸರ್ಕಾರ ತಂದುಕೊಟ್ಟವರಿಗೆ ಮಾತು ತಪ್ಪುವಂತಿಲ್ಲ ಎನ್ನುವುದು ಒಂದು ವಾದ. ಅದರ ಹಿಂದೆ ರಮೇಶ ಜಾರಕಿಹೊಳಿಯವರ ಹಟವಿತ್ತು. ಮೂರು ಸಲ ಗೆದ್ದವರು, ಪಕ್ಷವನ್ನು ಇಲ್ಲಿ ಬೇರುಬಿಡಿಸಿದವರು, ಒಮ್ಮೆ ತ್ಯಾಗ ಮಾಡಿದವರು, ಇನ್ನೂ ಎಷ್ಟು ಕಾಯಬೇಕು ಎನ್ನುವುದು ಎದುರು ವಾದ. ಸವದಿಯವರ ಪರಿಷತ್ ಅವಧಿ ಇನ್ನೂ ಐದು ವರ್ಷ ಇದೆಯಲ್ಲ ಎಂಬುದು ಪಕ್ಷದ ಸಮಾಧಾನ. ಏಪ್ರಿಲ್ 11ರಂದು ಬಂದ ಮೊದಲ ಪಟ್ಟಿಯಲ್ಲಿ ಕುಮಠಳ್ಳಿಯವರ ಹೆಸರಿತ್ತು. ಅಥಣಿಯಲ್ಲಿ ಬೆಂಬಲಿಗರ ಸಭೆ ಸೇರಿತು. ಏಪ್ರಿಲ್ 14ರಂದು ಸವದಿ ಕಾಂಗ್ರೆಸ್ ಸೇರಿದರು ಮತ್ತು 76,122 ಮತಗಳ ಅಂತರದಿಂದ ಗೆದ್ದರು.

ಆ ಅಂತರವನ್ನು ಸರಿಯಾಗಿ ಓದಬೇಕು. 2018ರಲ್ಲಿ ಅದೇ ಇಬ್ಬರು, ಆಗ ಸವದಿ ಬಿಜೆಪಿ, ಕುಮಠಳ್ಳಿ ಕಾಂಗ್ರೆಸ್. 2023ರಲ್ಲಿ ಚಿಹ್ನೆ ಅದಲುಬದಲು. ಎರಡು ಸಾವಿರದ ಚಿಲ್ಲರೆ ಮತಗಳ ಸೋಲು ಮುಕ್ಕಾಲು ಲಕ್ಷದ ಗೆಲುವಾಯಿತೆಂದರೆ ಕಾಂಗ್ರೆಸ್ಸಿನ ಕಾಯಂ ಮತದ ಜೊತೆಗೆ ಬಿಜೆಪಿಯ ಮತದಾರರ ದೊಡ್ಡ ಪಾಲು ಸವದಿಯವರೊಂದಿಗೆ ಹೊಳೆ ದಾಟಿತ್ತು. ಕರ್ನಾಟಕದಲ್ಲಿ ಪಕ್ಷದ ಒಳಚುನಾವಣೆ ಎಂಬುದು ನಡೆದಿದ್ದರೆ ಅದರ ಫಲಿತಾಂಶ ಏನಾಗುತ್ತಿತ್ತು ಎಂಬುದನ್ನು ಅಥಣಿ ಸಾರ್ವತ್ರಿಕ ಚುನಾವಣೆಯಲ್ಲಿ ತೋರಿಸಿಕೊಟ್ಟಿತು.

ಕಾಗವಾಡ

ಕಾಗವಾಡದ ಕತೆ ಅಥಣಿಯದರ ಜೋಡಿ, ಇನ್ನೂ ಬೇಗ ನಡೆದದ್ದು. ಭರಮಗೌಡ ಕಾಗೆ, ಎಲ್ಲರ ಬಾಯಲ್ಲಿ ರಾಜು ಕಾಗೆ, ಬಿಜೆಪಿಯ ಹಳೆಯ ಶಾಸಕರು. 2018ರಲ್ಲಿ ಕಾಗೆಯವರನ್ನು ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲ 32,942 ಮತಗಳಿಂದ ಸೋಲಿಸಿದರು. 2019ರ ಜುಲೈನಲ್ಲಿ ವಿಶ್ವಾಸಮತದ ಹೊತ್ತಿಗೆ ರೆಸಾರ್ಟಿನಿಂದ ಕಾಣೆಯಾದ ಪಾಟೀಲರು ಮುಂಬಯಿಯ ಆಸ್ಪತ್ರೆಯಲ್ಲಿರುವ ಸುದ್ದಿ ಬಂದು ಸದನದಲ್ಲೇ ಗದ್ದಲವಾಯಿತು. ಅನರ್ಹತೆ, ಸುಪ್ರೀಂ ಕೋರ್ಟ್ ತೀರ್ಪು, ಬಿಜೆಪಿ ಪ್ರವೇಶ, ಟಿಕೆಟ್. ಟಿಕೆಟ್ ತನಗಿಲ್ಲವೆಂದು ಖಚಿತವಾದೊಡನೆ ಕಾಗೆ ಕಾಂಗ್ರೆಸ್ಸಿಗೆ ಬಂದರು.

2018ರ ಮೇ ತಿಂಗಳಿಂದ 2019ರ ಡಿಸೆಂಬರಿಗೆ ಹತ್ತೊಂಬತ್ತು ತಿಂಗಳು. ಅದೇ ಕಣ, ಅದೇ ಇಬ್ಬರು ಎದುರಾಳಿಗಳು. ಕಮಲದವರು ಕೈಗೆ, ಕೈಯವರು ಕಮಲಕ್ಕೆ ಬಂದಿದ್ದರು. ಶೇಡಬಾಳ, ಉಗಾರ, ಐನಾಪುರಗಳ ಕಾರ್ಯಕರ್ತರು ಬಾವುಟ ಬದಲಿಸಬೇಕೋ ನಾಯಕನನ್ನು ಬದಲಿಸಬೇಕೋ ಎಂದು ನಿರ್ಧರಿಸಬೇಕಾಯಿತು. ಈ ಸಲ ಶ್ರೀಮಂತ ಪಾಟೀಲರು 18,557 ಮತಗಳಿಂದ ಗೆದ್ದರು, ಯಡಿಯೂರಪ್ಪನವರ ಸಂಪುಟದಲ್ಲಿ ಸಚಿವರಾದರು. ಅಂತರ ಕುಗ್ಗಿತ್ತು. ಆಳುವ ಪಕ್ಷದ ಬಲ, ಸರ್ಕಾರ ಉಳಿಯಬೇಕೆಂಬ ಮಾತು ಆ ಉಪಚುನಾವಣೆಯಲ್ಲಿ ಕೆಲಸ ಮಾಡಿದವು. ರಾಜ್ಯದ ಹದಿನೈದರಲ್ಲಿ ಹನ್ನೆರಡು ಕ್ಷೇತ್ರ ಬಿಜೆಪಿಗೆ ಬಂದವು. 2023ರಲ್ಲಿ ಮೂರನೆಯ ಬಾರಿ ಅದೇ ಜೋಡಿ ಎದುರಾದಾಗ ಕಾಗೆ ಕಾಂಗ್ರೆಸ್ಸಿನಿಂದ ಗೆದ್ದರು.

ವಲಸೆ ಬಂದವರಿಗೆ ಟಿಕೆಟ್ ಕೊಡುವುದು ಅಧಿಕಾರ ಹಿಡಿಯುವ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಹಳ್ಳಿಯಲ್ಲಿ ಪಕ್ಷದ ಹೆಸರು ಹಿಡಿದು ನೆರೆಮನೆಯವನೊಂದಿಗೆ ಮಾತು ಬಿಟ್ಟ ಕಾರ್ಯಕರ್ತನನ್ನು ಒಂದು ಮಾತು ಕೇಳದೆ ಹೀಗೆ ಮಾಡುವುದು ಅನ್ಯಾಯ. ಪಕ್ಷಾಂತರ ನಿಷೇಧ ಕಾನೂನು 1985ರಿಂದ ಇದೆ. ಅದು ಶಾಸಕನ ಸ್ಥಾನವನ್ನು ಕಸಿಯಬಲ್ಲದು. ಹೊಸ ಪಕ್ಷದ ಹಳೆಯ ಕಾರ್ಯಕರ್ತನಿಗಾಗುವ ಮೋಸಕ್ಕೆ ಅದರಲ್ಲಿ ಪರಿಹಾರವಿಲ್ಲ.

ರಾಯಬಾಗ

ದುರ್ಯೋಧನ ಐಹೊಳೆ ಬಿಜೆಪಿಯಿಂದ 2008ರಿಂದ ಸತತ ನಾಲ್ಕು ಬಾರಿ ರಾಯಬಾಗದಲ್ಲಿ ಗೆದ್ದಿದ್ದಾರೆ. ಆದ್ದರಿಂದ ಟಿಕೆಟ್ಟಿನ ಕಾವು ಇಲ್ಲಿ ಎದುರು ಪಾಳೆಯದಲ್ಲಿ ಹೆಚ್ಚು. 2023ರಲ್ಲಿ ತಮಿಳುನಾಡಿನಲ್ಲಿ ಐಎಎಸ್ ಅಧಿಕಾರಿಯಾಗಿದ್ದ ಶಂಭು ಕಲ್ಲೋಳಿಕರ ಕಾಂಗ್ರೆಸ್ ಟಿಕೆಟ್ ಬಯಸಿದ್ದರು. ಪಕ್ಷ ಮಹಾವೀರ ಮೋಹಿತೆ ಅವರಿಗೆ ಕೊಟ್ಟಿತು. ಪಕ್ಷೇತರರಾಗಿ ನಿಂತ ಕಲ್ಲೋಳಿಕರ ಐಹೊಳೆಯವರಿಗಿಂತ 2,570 ಮತಗಳಷ್ಟೇ ಹಿಂದೆ ಉಳಿದರು, ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಇಳಿದರು. ರಾಜ್ಯದಾದ್ಯಂತ ಕಾಂಗ್ರೆಸ್ ಅಲೆ ಇದ್ದ ವರ್ಷದಲ್ಲಿ ಪಕ್ಷ ಕಳೆದುಕೊಂಡ ಈ ಕ್ಷೇತ್ರ ಟಿಕೆಟ್ ಹಂಚಿಕೆಯಲ್ಲಿ ಕಳೆದುಹೋದದ್ದೇ ಹೊರತು ಮತದಾನದಲ್ಲಲ್ಲ.

ಮೀಸಲು ಕ್ಷೇತ್ರದ ಟಿಕೆಟ್ ಚರ್ಚೆಗೆ ಇನ್ನೊಂದು ಮಗ್ಗುಲಿದೆ. ನಿಲ್ಲುವವರು ಪರಿಶಿಷ್ಟ ಜಾತಿಯವರು, ಆದರೆ ಯಾರು ನಿಲ್ಲಬೇಕೆಂದು ಹೇಳುವ ದನಿ ಬಹಳ ಮಟ್ಟಿಗೆ ಜಮೀನು, ಕಾರ್ಖಾನೆ, ಸೊಸೈಟಿ ಕೈಯಲ್ಲಿರುವ ಬೇರೆ ಸಮುದಾಯಗಳ ಮುಖಂಡರದು. ದಲಿತ ಕೇರಿಯ ಮತದಾರ ತನ್ನ ಪ್ರತಿನಿಧಿಯನ್ನು ಆರಿಸುವ ಮೊದಲೇ ಆ ಪ್ರತಿನಿಧಿ ಅವನಿಲ್ಲದ ಪಡಸಾಲೆಯಲ್ಲಿ ಆಯ್ಕೆಯಾಗಿರುತ್ತಾನೆ. ಇದೇ ತಾಲೂಕಿನ ಕುಡಚಿಯಲ್ಲಿ 2013ರಲ್ಲಿ ಪಿ. ರಾಜೀವ್ ಹೊಸದಾಗಿ ಹುಟ್ಟಿದ್ದ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ ಗೆದ್ದು ದೊಡ್ಡ ಪಕ್ಷಗಳೆರಡಕ್ಕೂ ಅಚ್ಚರಿ ಮೂಡಿಸಿದ್ದರು. 2018ರಲ್ಲಿ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಕಾಂಗ್ರೆಸ್ಸಿನ ಮಹೇಂದ್ರ ತಮ್ಮಣ್ಣವರ ಆರಿಸಿ ಬಂದರು.

ನಿಪ್ಪಾಣಿ

ನಿಪ್ಪಾಣಿಯಲ್ಲಿ ಕಾಂಗ್ರೆಸ್ಸಿನ ಕಾಕಾಸಾಹೇಬ ಪಾಟೀಲ 1999, 2004, 2008ರಲ್ಲಿ ಗೆದ್ದರು. 2008ರಲ್ಲಿ ಅವರೆದುರು ಸೋತ ಬಿಜೆಪಿಯ ಶಶಿಕಲಾ ಜೊಲ್ಲೆ 2013, 2018, 2023ರಲ್ಲಿ ಗೆದ್ದರು. ಸೋತವರಿಗೇ ಪಕ್ಷ ಮತ್ತೆ ಟಿಕೆಟ್ ಕೊಟ್ಟು ಫಲ ಕಂಡ ಪ್ರಸಂಗ ಇದು. 2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಇದ್ದ ಏಕೈಕ ಮಹಿಳೆ ಅವರೇ.

2023ರಲ್ಲಿ ಕಾಂಗ್ರೆಸ್ ಮತ್ತೆ ಕಾಕಾಸಾಹೇಬರಿಗೆ ಟಿಕೆಟ್ ಕೊಟ್ಟಿತು. ಕಾಂಗ್ರೆಸ್ ಟಿಕೆಟ್ ಬಯಸಿದ್ದ ಬೋರಗಾಂವದ ಉತ್ತಮ ಪಾಟೀಲ ಶರದ್ ಪವಾರರ ಎನ್‌ಸಿಪಿಯಿಂದ ನಿಂತರು. ಗಡಿಯಾಚೆಯ ಪಕ್ಷಕ್ಕೆ ಇಲ್ಲಿ ಮರಾಠಿ ಮತಗಳ ಆಸೆ ಹಳೆಯದು, ಆದರೆ ಈ ಸಲ ಅದಕ್ಕೆ ಸಿಕ್ಕಿದ್ದು ಭಾಷೆಯ ಅಭ್ಯರ್ಥಿಯಲ್ಲ, ಟಿಕೆಟ್ ತಪ್ಪಿದ ಬಲಿಷ್ಠ ಸ್ಥಳೀಯ ಅಭ್ಯರ್ಥಿ. ಶಶಿಕಲಾ ಜೊಲ್ಲೆ 73,348, ಉತ್ತಮ ಪಾಟೀಲ 66,056, ಕಾಕಾಸಾಹೇಬ 44,107 ಮತ ಪಡೆದರು. ಗೆಲುವಿನ ಅಂತರ 7,292. ಹಳಬರಿಗೆ ಕೊಡುವ ಗೌರವವೋ ಹೊಸಬರ ಬಲವೋ ಎಂಬ ಮನೆಯೊಳಗಿನ ವಾದವನ್ನು ಮೊದಲೇ ಮುಗಿಸಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ಈ ಅಂಕಿಗಳಲ್ಲೇ ಇದೆ.

ಚಿಕ್ಕೋಡಿ ಮತ್ತು ಲೋಕಸಭೆ

ಚಿಕ್ಕೋಡಿ-ಸದಲಗಾದಲ್ಲಿ ಕಾಂಗ್ರೆಸ್ ಟಿಕೆಟ್ ಒಂದೇ ಮನೆಯಲ್ಲಿ ಉಳಿದಿದೆ. ಪ್ರಕಾಶ ಹುಕ್ಕೇರಿ 2008 ಮತ್ತು 2013ರಲ್ಲಿ ಗೆದ್ದರು. ಸಿದ್ದರಾಮಯ್ಯ ಸಂಪುಟದಲ್ಲಿ ಸಚಿವರಾಗಿದ್ದ ಅವರನ್ನು ಪಕ್ಷ 2014ರಲ್ಲಿ ಲೋಕಸಭೆಗೆ ನಿಲ್ಲಿಸಿತು. ಬಿಜೆಪಿಯ ರಮೇಶ ಕತ್ತಿ ಅವರ ವಿರುದ್ಧ 3,003 ಮತಗಳಿಂದ ಗೆದ್ದರು. ತೆರವಾದ ಸ್ಥಾನಕ್ಕೆ ಮಗ ಗಣೇಶ ಹುಕ್ಕೇರಿ ಬಂದರು. 2018ರಲ್ಲಿ ಅಣ್ಣಾಸಾಹೇಬ ಜೊಲ್ಲೆ, 2023ರಲ್ಲಿ ರಮೇಶ ಕತ್ತಿ ಗಣೇಶರ ಎದುರು ಸೋತರು. ಎರಡನೆಯ ಸಲದ ಅಂತರ 78,509.

2019ರ ಲೋಕಸಭಾ ಟಿಕೆಟ್ ಬಿಜೆಪಿಯೊಳಗೆ ದೊಡ್ಡ ಕಲಹ ತಂದಿತು. ಮೂರು ಸಾವಿರ ಮತಗಳಿಂದಷ್ಟೇ ಸೋತಿದ್ದ ರಮೇಶ ಕತ್ತಿ ತಮಗೇ ಎಂದುಕೊಂಡಿದ್ದರು. ಪಕ್ಷ ಅಣ್ಣಾಸಾಹೇಬ ಜೊಲ್ಲೆಯವರಿಗೆ ಕೊಟ್ಟಿತು. ಹೆಂಡತಿ ಶಶಿಕಲಾ ಶಾಸಕಿ, ಗಂಡನಿಗೂ ಟಿಕೆಟ್ ಎಂಬ ಆಕ್ಷೇಪ ಕತ್ತಿ ಬಳಗದಿಂದ ಎದ್ದಿತು. ಮನವೊಲಿಕೆಯಾಯಿತು, ಮೋದಿ ಅಲೆಯಲ್ಲಿ ಜೊಲ್ಲೆ 1,18,877 ಮತಗಳಿಂದ ಗೆದ್ದರು. 2024ರಲ್ಲಿ ಪಕ್ಷ ಮತ್ತೆ ಅವರನ್ನೇ ನಿಲ್ಲಿಸಿತು. ಕಾಂಗ್ರೆಸ್ ಪಾಳೆಯದಲ್ಲಿ ಕುರುಬ ಸಮುದಾಯದ ಲಕ್ಷ್ಮಣರಾವ ಚಿಂಗಳೆ ಅವರಿಗೆ ಕೊಡಬೇಕೆಂಬ ಕೂಗಿತ್ತು. ಟಿಕೆಟ್ ಸಚಿವ ಸತೀಶ ಜಾರಕಿಹೊಳಿಯವರ ಮಗಳು, 27ರ ಪ್ರಿಯಾಂಕಾ ಜಾರಕಿಹೊಳಿ ಅವರಿಗೆ ಹೋಯಿತು. ಪರಿಶಿಷ್ಟ ಪಂಗಡದ ಯುವತಿ ಸಾಮಾನ್ಯ ಕ್ಷೇತ್ರದಲ್ಲಿ ಗೆಲ್ಲಬಲ್ಲಳೇ ಎಂದು ಕೇಳಿದವರಿದ್ದರು. ಅವರು 90,834 ಮತಗಳಿಂದ ಗೆದ್ದರು. ರಾಯಬಾಗದ ಶಂಭು ಕಲ್ಲೋಳಿಕರ ಇಲ್ಲಿಯೂ ಪಕ್ಷೇತರರಾಗಿ ಕಣದಲ್ಲಿದ್ದರು.

ಗೋಕಾಕದ ಜಾರಕಿಹೊಳಿ, ಹುಕ್ಕೇರಿಯ ಕತ್ತಿ, ಯಕ್ಸಂಬಾದ ಜೊಲ್ಲೆ ಮತ್ತು ಹುಕ್ಕೇರಿ, ಅಂಕಲಿಯ ಕೋರೆ, ಈ ಐದು ಮನೆತನಗಳ ಒಪ್ಪಂದ, ಮುನಿಸುಗಳೇ ಟಿಕೆಟ್ ಚರ್ಚೆಯ ಎಲ್ಲೆ ಹಾಕುತ್ತವೆ. ಜಾರಕಿಹೊಳಿ ಸೋದರರು ಬೇರೆ ಬೇರೆ ಪಕ್ಷಗಳಲ್ಲಿದ್ದಾರೆ. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಲಖನ್ ಜಾರಕಿಹೊಳಿ ಪಕ್ಷೇತರರಾಗಿ ನಿಂತು ಗೆದ್ದರು, ಬಿಜೆಪಿಯ ಅಧಿಕೃತ ಅಭ್ಯರ್ಥಿ, ಹಾಲಿ ಸದಸ್ಯ ಮಹಾಂತೇಶ ಕವಟಗಿಮಠ ಸೋತರು.

ಕೆಲವೊಮ್ಮೆ ಹೈಕಮಾಂಡೇ ಈ ಮನೆತನಗಳ ಲೆಕ್ಕವನ್ನು ಅಳಿಸಿಹಾಕಿದೆ. 2020ರ ಜೂನ್‌ನಲ್ಲಿ ರಾಜ್ಯಸಭೆಗೆ ಪ್ರಭಾಕರ ಕೋರೆ, ರಮೇಶ ಕತ್ತಿ ಮೊದಲಾದವರ ಹೆಸರನ್ನು ರಾಜ್ಯ ಬಿಜೆಪಿ ಕಳಿಸಿತ್ತು. ದಿಲ್ಲಿ ಅವೆಲ್ಲವನ್ನೂ ಬಿಟ್ಟು ಬೆಳಗಾವಿ ಜಿಲ್ಲೆಯ ಈರಣ್ಣ ಕಡಾಡಿ ಮತ್ತು ರಾಯಚೂರಿನ ಅಶೋಕ ಗಸ್ತಿ ಎಂಬ ಇಬ್ಬರು ಸಾಮಾನ್ಯ ಕಾರ್ಯಕರ್ತರನ್ನು ಆರಿಸಿತು. ಹಣ, ಕಾರ್ಖಾನೆಗಳಿಲ್ಲದವರಿಗೂ ದಾರಿ ತೆರೆಯಬಹುದೆಂದು ಕಾರ್ಯಕರ್ತರು ಸಂತೋಷಪಟ್ಟರು. ಆ ಸಂತೋಷದಲ್ಲಿ ನ್ಯಾಯವಿತ್ತು. ಆದರೆ ಆ ನಿರ್ಧಾರವೂ ಮೇಲಿನಿಂದಲೇ ಬಂದದ್ದು.

ರಾಷ್ಟ್ರಪತಿ ಅಭ್ಯರ್ಥಿ: 1969ರ ಬೆಂಗಳೂರು

ಅಭ್ಯರ್ಥಿಯ ಜಗಳ ಶಾಸಕ, ಸಂಸದರ ಟಿಕೆಟ್ಟಿಗಷ್ಟೇ ಸೀಮಿತವಲ್ಲ; ಪಕ್ಷವೊಂದು ತನ್ನ ರಾಷ್ಟ್ರಪತಿ ಅಭ್ಯರ್ಥಿಯ ಬಗ್ಗೆಯೇ ಒಡೆದು ನಿಂತ ಪ್ರಸಂಗ ಕರ್ನಾಟಕದ ನೆಲದಲ್ಲೇ ನಡೆದಿದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಸಭೆ ಸೇರಿದಾಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿಯ ಬಹುಮತ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ಆತ್ಮಸಾಕ್ಷಿಯಂತೆ ಮತ ಹಾಕಲು ಕರೆಕೊಟ್ಟರು, ಪಕ್ಷೇತರರಾಗಿದ್ದ ವಿ.ವಿ. ಗಿರಿ ಆಗಸ್ಟಿನಲ್ಲಿ ಗೆದ್ದರು, ವರ್ಷ ಮುಗಿಯುವುದರೊಳಗೆ ಪಕ್ಷ ಎರಡಾಯಿತು. ಆ ಚರ್ಚೆಯಲ್ಲಿ ಮತವಿದ್ದದ್ದು ಸಂಸದರಿಗೆ, ಶಾಸಕರಿಗೆ ಮಾತ್ರ. ಸಾಮಾನ್ಯ ಕಾಂಗ್ರೆಸ್ ಮತದಾರನಿಗೆ ತನ್ನ ಅಭಿಪ್ರಾಯ ಹೇಳಲು 1971ರವರೆಗೆ ಕಾಯಬೇಕಾಯಿತು. ಆಗ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು, ಚಿಕ್ಕೋಡಿಯ ಶಂಕರಾನಂದರೂ ಅದರಲ್ಲಿ ಸೇರಿದ್ದರು.

ಚರ್ಚೆಯಿಂದ ಹೊರಗಿರುವವರು

ಈ ಸೀಮೆಯ ಟಿಕೆಟ್ ಚರ್ಚೆಯನ್ನು ಜನರ ಚರ್ಚೆ ಎನ್ನುವಾಗ ಎಚ್ಚರ ಬೇಕು. ಹೊಟೇಲಿನ ಬೆಂಚಿನ ಮೇಲೆ ಕೂತು "ಈ ಸಲ ಯಾರಿಗ್ರೀ ಟಿಕೆಟ್?" ಎಂದು ಕೇಳುವವರಲ್ಲಿ ಹೆಂಗಸರಿಲ್ಲ. ನಿಪ್ಪಾಣಿಯಲ್ಲಿ ತಂಬಾಕು ಕೆಲಸದ, ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿ ಹೋರಾಡಿದ್ದಾರೆ. 1981ರಲ್ಲಿ ಶರದ್ ಜೋಶಿಯವರ ನಾಯಕತ್ವದ ತಂಬಾಕು ಬೆಳೆಗಾರರ ಚಳವಳಿ ಹೆದ್ದಾರಿ ತಡೆದು, ಗೋಲಿಬಾರಿನಲ್ಲಿ ರೈತರ ಪ್ರಾಣ ಹೋದ ಊರು ಅದು. ಆ ಚಳವಳಿಯ ಹಿನ್ನೆಲೆಯ ಸುಭಾಷ ಜೋಶಿ 1994ರಲ್ಲಿ ಜನತಾದಳದಿಂದ ಶಾಸಕರಾದರು. ಹೋರಾಟದ ದಾರಿಯಿಂದ ಟಿಕೆಟ್ ತಲುಪಿದ ಅಂಥವರು ಆಮೇಲೆ ವಿರಳ. ಕಬ್ಬು ಕಡಿಯುವ ಕೂಲಿಗೆ ಕಾರ್ಖಾನೆಯಲ್ಲಿ ಶೇರಿಲ್ಲ, ಶೇರಿಲ್ಲದವನಿಗೆ ಪ್ಯಾನೆಲ್ಲಿನಲ್ಲಿ ಮತವಿಲ್ಲ, ಪ್ಯಾನೆಲ್ ಇಲ್ಲದ ಕಡೆ ಟಿಕೆಟ್ಟಿನ ಮಾತಿಗೆ ಕರೆಯುವವರಿಲ್ಲ. ಅವನಿಗೆ ಸಿಗುವುದು ಕೊನೆಯ ದಿನದ ಮತ ಒಂದೇ.

ಪ್ರಯೋಗಗಳು

ಪಕ್ಷದವರಿಂದಲೇ ಮತ ಹಾಕಿಸಿ ಅಭ್ಯರ್ಥಿಯನ್ನು ಆರಿಸುವ ಪ್ರಯತ್ನ ಕರ್ನಾಟಕದಲ್ಲಿ ಎರಡು ಬಾರಿ ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಒಳಚುನಾವಣೆ ನಡೆಸಿದರು. ರಾಜ್ಯದಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ ಆಯ್ಕೆಯಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು, ಪ್ರಯೋಗ ಅಲ್ಲಿಗೇ ನಿಂತಿತು. ಸೋಲಿಗೆ ಒಳಚುನಾವಣೆಯನ್ನು ದೂರುವುದು ಸರಿಯಲ್ಲ. ಆ ವರ್ಷ ಆ ಎರಡೂ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಯಾರನ್ನು ನಿಲ್ಲಿಸಿದ್ದರೂ ಗೆಲುವು ಕಷ್ಟವಿತ್ತು. ಚಿಕ್ಕೋಡಿಯಂಥ ಕಡೆ, ಗೆಲುವು ಸೋಲು ಅಭ್ಯರ್ಥಿಯ ಮೇಲೇ ನಿಂತಿರುವಲ್ಲಿ, ಅದನ್ನು ನಡೆಸಿ ನೋಡಬೇಕಿತ್ತು.

ಎರಡನೆಯದು ಬಿಜೆಪಿಯದು. 2023ರ ಮಾರ್ಚ್ 31ರಂದು ಪ್ರತಿ ಸಂಘಟನಾ ಜಿಲ್ಲೆಯಲ್ಲೂ ಪಕ್ಷದ ಪದಾಧಿಕಾರಿಗಳಿಂದ ಗುಪ್ತ ಮತದಾನ ಮಾಡಿಸಿ, ಒಂದೊಂದು ಕ್ಷೇತ್ರಕ್ಕೆ ಮೂರು ಹೆಸರು ಬರೆಸಿಕೊಳ್ಳಲಾಯಿತು. ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು. ಹನ್ನೊಂದು ದಿನಗಳ ನಂತರ ಪಟ್ಟಿ ಬಂತು. ಯಾರಿಗೆ ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು ಮತ ಹಾಕಿದವರ ಮುಂದೆ ಇಡಲಿಲ್ಲ. ಪದಾಧಿಕಾರಿಗಳಲ್ಲದ, ವರ್ಷಗಟ್ಟಲೆ ಪಕ್ಷಕ್ಕೇ ಮತ ಹಾಕುತ್ತ ಬಂದ ಸಾಮಾನ್ಯ ಮತದಾರರಿಗೆ ಆ ಮತದಾನದಲ್ಲಿ ಪಾಲಿರಲಿಲ್ಲ.